ಸ್ಪ್ರಿಂಗ್ ಗೇಮಿಗೆ ಬಂದ ಬೀಗರು

ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡವೊಂದು ವಸಂತಕಾಲದಲ್ಲಿ ತನ್ನ ವಿರುದ್ಧ ತಾನೇ ಆಡುವ ಪಂದ್ಯವನ್ನು ನೋಡಲು ಗೃಹಸ್ಥನಾದವನು ಹೋಗಬೇಕೇ, ಬೇಡವೇ? ಈ ಪ್ರಶ್ನೆಯನ್ನು ನಮ್ಮ ಹಿರಿಯರು ಯಾರೂ ವಿಚಾರಿಸಿದಂತೆ ಕಾಣುವುದಿಲ್ಲ. ಧರ್ಮಶಾಸ್ತ್ರಗಳು ಈ ವಿಷಯದಲ್ಲಿ ಮೌನವಾಗಿವೆ. ಪಂಚಾಂಗವೂ ಆ ದಿನವನ್ನು ಶುಭವೆಂದಾಗಲಿ ಅಶುಭವೆಂದಾಗಲಿ ಗುರುತಿಸಿಲ್ಲ. ಹೀಗೆ ಯಾವ ಆಧಾರವೂ ಇಲ್ಲದೆ ಒಂದು ತೀರ್ಮಾನಕ್ಕೆ ಬರಬೇಕಾದ ನ್ಯೂಜೆರ್ಸಿಯ ಪಿಸ್ಕಾಟವೇಯ ಶ್ರೀಕರ್ ಅವರನ್ನು ಓದುಗರು ಅನುಕಂಪದಿಂದ ಕಾಣಬೇಕು. ಏಕೆಂದರೆ ಅವರು ಆ ಪಂದ್ಯಕ್ಕೆ ಬೀಗರನ್ನು ಕರೆದುಬಿಟ್ಟಿದ್ದರು.

ಶ್ರೀಕರ್ ಮೈಸೂರಿನವರು, ಟೆಲಿಕಾಂ ಕಚೇರಿಯೊಂದರಲ್ಲಿ ಕೆಲಸ, ಸ್ವಭಾವತಃ ಸಾಧು. ಹಿಂದೆ ಇದೇ ಊರಿನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದಿದ್ದರು. ಅದರ ಗುರುತಿಗೆ ಕೆಂಪು ಸ್ವೆಟ್‌ಶರ್ಟ್ ಒಂದನ್ನು ಉಳಿಸಿಕೊಂಡಿದ್ದರು. ಮನೆಮುಂದಿನ ಹಿಮ ಎತ್ತುವಾಗ ಅದನ್ನು ತೊಡುತ್ತಿದ್ದರು. ಫುಟ್‌ಬಾಲಿಗೂ ಅವರಿಗೂ ಇದ್ದ ಸಂಬಂಧ ಇಷ್ಟೇ: ಪಂದ್ಯವಿದ್ದ ಶನಿವಾರಗಳಂದು ಪೊಲೀಸರು ತರಕಾರಿ ಅಂಗಡಿಯ ರಸ್ತೆಯನ್ನು ಮುಚ್ಚುತ್ತಿದ್ದರು, ಅವರು ಬೈದುಕೊಳ್ಳುತ್ತಾ ಸುತ್ತುಬಳಸಿ ಹೋಗುತ್ತಿದ್ದರು.

ಅವರ ಮಗಳು ಅನಿಕಾಳಿಗೆ ನ್ಯೂಯಾರ್ಕ್ ಕಡೆಯ ಲಾಂಗ್ ಐಲ್ಯಾಂಡಿನ ಜೆರಿಕೋದ ಕುಶಾಲ್ ಜೊತೆ ಮದುವೆ ಗೊತ್ತಾಗಿತ್ತು. ಹುಡುಗ, ಹುಡುಗಿ ಒಪ್ಪಿದ್ದರು, ಜಾತಕ ಒಪ್ಪಿತ್ತು. ಉಳಿದಿದ್ದು ಒಂದೇ ಪ್ರಶ್ನೆ: ಮದುವೆ ನ್ಯೂಯಾರ್ಕಿನಲ್ಲೋ ನ್ಯೂಜೆರ್ಸಿಯಲ್ಲೋ? ಮದುವೆ ಮಾಡಿಕೊಡುವುದು ಹೆಣ್ಣಿನ ಕಡೆಯವರ ಹಕ್ಕು, ಆದ್ದರಿಂದ ಪಕ್ಕದೂರಾದ ಎಡಿಸನ್ನಿನ ಹಾಲ್ ಎಂದು ಶ್ರೀಕರ್ ಮನಸ್ಸಿನಲ್ಲಿ ಅಂದುಕೊಂಡಿದ್ದರು. ಗಂಡಿನ ಕಡೆಯ ಹಿರಿಯರಿಗೆ ಅಷ್ಟೊಂದು ಸೇತುವೆ ದಾಟಿ ನ್ಯೂಜೆರ್ಸಿಗೆ ಹೋಗಲಾಗದು, ಆದ್ದರಿಂದ ಜೆರಿಕೋ ಎಂದು ಹುಡುಗನ ತಂದೆ ರಾಜ್ ಅಂದುಕೊಂಡಿದ್ದರು. ಇಬ್ಬರೂ ಸಂಭಾವಿತರು. ಆದ್ದರಿಂದ ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಈ ಸಂವಾದ ನಡೆಯುತ್ತಿತ್ತು.

"ನಾವು ಗಂಡಿನ ಕಡೆಯವ್ರು ಅಂತ ಏನೂ ಇಲ್ರಿ. ನೀವು ಹೆಂಗಂತೀರೋ ಹಂಗ," ಎಂದು ಮೂಲತಃ ಧಾರವಾಡದವರಾದ ರಾಜ್.

"ಛೆ ಛೆ, ನೀವು ಹೇಳಿದ ಹಾಗೆ ಸಾರ್."

"ಲಾಂಗ್ ಐಲ್ಯಾಂಡ್ ಆದ್ರ ನಿಮಗ ತ್ರಾಸೇನಿಲ್ಲಲ್ಲ?"

"ಅಯ್ಯೋ, ತೊಂದರೆ ಏನು? ಎಡಿಸನ್ ಆದ್ರೂ ನಿಮಗೆ ತೊಂದರೆ ಇಲ್ಲ ತಾನೆ?"

"ತ್ರಾಸ್ ಏನ್ರಿ ಅದರಾಗ!"

ಇಬ್ಬರೂ ನಕ್ಕು ಫೋನ್ ಇಡುತ್ತಿದ್ದರು. ಹಾಲ್‌ಗಳ ಒಳ್ಳೆಯ ದಿನಗಳೆಲ್ಲ ಒಂದೊಂದಾಗಿ ಬೇರೆಯವರ ಪಾಲಾದವು. ಕೊನೆಗೆ ಒಂದು ಸಂಜೆ ಅನಿಕಾ ಊಟದ ಮೇಜಿನ ಮುಂದೆ ನಿಂತು ತೀರ್ಪು ಕೊಟ್ಟಳು.

"ಅಪ್ಪಾ, ವೀ ಆರ್ ಡನ್ ವೇಟಿಂಗ್. ಈ ವೀಕೆಂಡ್ ಒಳಗೆ ಡಿಸೈಡ್ ಆಗ್ಲಿಲ್ಲ ಅಂದ್ರೆ, ಸಿಟಿ ಹಾಲಲ್ಲಿ ರಿಜಿಸ್ಟರ್ ಮ್ಯಾರೇಜ್. ನಾನು, ಕುಶಾಲ್, ಒಂದು ಕ್ಲರ್ಕ್. ನೋ ಗೆಸ್ಟ್ಸ್."

ಅವಳ ತಾಯಿ ಸುಪ್ರಿಯಾ ಹುಳಿಯ ಸೌಟನ್ನು ಹಿಡಿದುಕೊಂಡೇ ಕುರ್ಚಿಯ ಮೇಲೆ ಕುಸಿದರು. "ಗೆಸ್ಟ್ ಇಲ್ದೇ ಇರೋ ಮದುವೇನಾ? ಈ ಊರಲ್ಲಿ ಎಲ್ಲರ ಮದುವೇಲೂ ಊಟ ಮಾಡಿ ಬಂದಿದೀನಿ ಕಣೇ. ನಾಳೆ ಅವರ ಮುಖ ಹೇಗೆ ನೋಡಲಿ?"

ಸಿಟಿ ಹಾಲಿನ ಕ್ಲರ್ಕ್ ಅಂತರಪಟ ಹಿಡಿದಂತೆ ಆ ರಾತ್ರಿ ಸುಪ್ರಿಯಾರಿಗೆ ಕನಸು ಬಿತ್ತೆಂದು ಕೇಳಿದ್ದೇನೆ.

ಇಂಥ ಬಿಕ್ಕಟ್ಟಿನಲ್ಲಿ ಶ್ರೀಕರ್ ಒಂದು ತಂತ್ರ ಹೂಡಿದರು. ರಾಜ್ ಒಮ್ಮೆ "ಫುಟ್‌ಬಾಲ್ ಅಂದ್ರ ನಾ ಜೀವಾ ಬಿಡ್ತೀನ್ರಿ" ಅಂದಿದ್ದರು. ಬೀಗರ ಮುಂದೆ ಕಡಿಮೆಯಾಗಬಾರದೆಂದು ಶ್ರೀಕರ್ "ನಮ್ಮ ಯೂನಿವರ್ಸಿಟಿ ಮ್ಯಾಚ್ ನಾನು ಒಂದೂ ಬಿಟ್ಟಿಲ್ಲ" ಅಂದಿದ್ದರು. ಈಗ ಆಫೀಸಿನ ದಾರಿಯಲ್ಲಿ "ಶನಿವಾರ ಸ್ಪ್ರಿಂಗ್ ಗೇಮ್" ಎಂಬ ಬ್ಯಾನರ್ ಕಂಡಿತು. ಯುಗಾದಿಯಿಂದ ವರ್ಷ ಶುರುವಾಗುವ ಹಾಗೆ ಫುಟ್‌ಬಾಲೂ ವಸಂತದಿಂದಲೇ ಶುರುವಾಗುತ್ತದೆಂದು ಅವರು ಭಾವಿಸಿದರು. ಬೀಗರನ್ನು ಕರೆಸುವುದು, ನ್ಯೂಜೆರ್ಸಿ ಗೆಲ್ಲುವುದು, ಆ ಸಂಭ್ರಮದಲ್ಲಿ "ಮದುವೆಯೂ ಇಲ್ಲೇ ಆಗಿಬಿಡಲಿ" ಎಂದು ಅವರ ಬಾಯಿಂದಲೇ ಬರಿಸುವುದು, ಇದು ಯೋಜನೆ.

ರಾಜ್ ಕೂಡಲೇ ಒಪ್ಪಿದರು. "ಶೈಲಕ್ಕನ್ನೂ ಕರಕೊಂಡು ಬರ್ತೀನ್ರಿ. ಮನಿಯಾಗ ಆಕಿ ಮಾತೇ ಕಡೀ ಮಾತು."

ರಾಜ್ ಅವರನ್ನು ಎತ್ತಿ ಆಡಿಸಿದ ಹಿರಿಯಕ್ಕ ಶೈಲಮ್ಮ ಬರುತ್ತಾರೆಂದ ಮೇಲೆ ಅದು ಪಂದ್ಯವಾಗಿ ಉಳಿಯಲಿಲ್ಲ, ಕಲಾಪವಾಯಿತು.

ಶುಕ್ರವಾರ ಸಂಜೆ ಪಕ್ಕದ ಮನೆಯ ಫಾರೂಕ್ ರೀಸೈಕ್ಲಿಂಗ್ ಡಬ್ಬ ಒಳಗೆಳೆಯುತ್ತಿದ್ದರು. ಫಾರೂಕ್ ಕೂಡ ಮೈಸೂರಿನವರೇ. ಫುಟ್‌ಬಾಲ್ ವಿಷಯದಲ್ಲಿ ಅವರ ಭಕ್ತಿ ನಿಜವಾದದ್ದು. ವರ್ಷವಿಡೀ ಟಿಕೆಟ್ ಇಟ್ಟುಕೊಂಡು, ಸೋತ ಪಂದ್ಯಗಳಿಂದಲೂ ನಗುನಗುತ್ತಾ ಮನೆಗೆ ಬರುವವರು. ಶ್ರೀಕರ್ ಸುದ್ದಿ ಹೇಳಿದರು.

"ಬೀಗರನ್ನ ಸ್ಪ್ರಿಂಗ್ ಗೇಮಿಗಾ?" ಫಾರೂಕ್ ಡಬ್ಬವನ್ನು ಅಲ್ಲೇ ಬಿಟ್ಟರು. "ಎದುರು ಟೀಮ್ ಯಾವುದು ಅಂತ ಹೇಳಿದೀರಿ ಸಾರ್?"

"ಯಾವುದು?"

"ಯಾವುದೂ ಇಲ್ಲ. ನಮ್ಮೋರೇ ಅರ್ಧ ಕೆಂಪು ಅಂಗಿ, ಅರ್ಧ ಬಿಳಿ ಅಂಗಿ ಹಾಕ್ಕೊಂಡು ಆಡ್ತಾರೆ. ಪ್ರಾಕ್ಟೀಸು. ಸೀಸನ್ ಶುರುವಾಗೋದು ಸೆಪ್ಟೆಂಬರಿಗೆ."

ಶ್ರೀಕರ್ ತಮ್ಮ ಲೆಟರ್‌ಬಾಕ್ಸನ್ನು ಆಧಾರಕ್ಕೆ ಹಿಡಿದುಕೊಂಡರು. "ಹಾಗಾದ್ರೆ ಅದಕ್ಕೆ ಜನ ಯಾಕೆ ಹೋಗ್ತಾರೆ?"

"ನಾನಂತೂ ಪ್ರತಿ ವರ್ಷ ಹೋಗ್ತೀನಿ," ಎಂದರು ಫಾರೂಕ್, ಧರ್ಮದ ವಿಷಯ ಹೇಳುವವರ ಗಾಂಭೀರ್ಯದಿಂದ. "ನೋಡಿ, ನಿಮ್ಮಲ್ಲಿ ಹೆಣ್ಣು ನೋಡೋ ಶಾಸ್ತ್ರ ಇಲ್ವಾ? ಎಲ್ಲರೂ ಹೊಸ ಬಟ್ಟೆ ಹಾಕ್ತಾರೆ. ಉಪ್ಪಿಟ್ಟು, ಕೇಸರಿಬಾತು ತಿಂತಾರೆ. ಹುಡುಗಿ ಒಂದು ಹಾಡು ಹೇಳ್ತಾಳೆ. ಏನೂ ತೀರ್ಮಾನ ಆಗಲ್ಲ. 'ಊರಿಗೆ ಹೋಗಿ ತಿಳಿಸ್ತೀವಿ' ಅಂತಾರೆ. ಸ್ಪ್ರಿಂಗ್ ಗೇಮ್ ಅಂದ್ರೆ ಅದು. ಕಾರು ಗೇಟಿನ ಹತ್ರಾನೇ ನಿಲ್ಲಿಸಬಹುದು. ಮುಂದಿನ ಸಾಲಲ್ಲೇ ಕೂರಬಹುದು. ಕೋಚ್ ಬೈಯೋದು ಸ್ಪಷ್ಟವಾಗಿ ಕೇಳುತ್ತೆ. ಯಾವ ಹೊಸ ಹುಡುಗ ಚೆಂಡು ಬೀಳಿಸ್ತಾನೆ ಅಂತ ಈಗಲೇ ಗೊತ್ತಾದ್ರೆ ಸೆಪ್ಟೆಂಬರಲ್ಲಿ ಎದೆ ಒಡೆಯಲ್ಲ. ಮ್ಯಾಚ್ ನೋಡೋಕೆ ಹೋದ್ರೆ ನಷ್ಟ ಸಾರ್, ಟೀಮ್ ನೋಡೋಕೆ ಹೋದ್ರೆ ಲಾಭ."

"ಬೀಗರಿಗೆ ಇದೆಲ್ಲ ಹೇಳೋಕಾಗುತ್ತಾ? ಪ್ರಾಕ್ಟೀಸ್ ನೋಡೋಕೆ ಜೆರಿಕೋದಿಂದ ಕರೆಸಿದ್ರು ಅಂತಾರೆ. ನೀವು ಒಂದು ಉಪಕಾರ ಮಾಡಿ. ನಮ್ಮ ಜೊತೆ ಬನ್ನಿ. ಬಂದು, ಏನೂ ಮಾತಾಡಬೇಡಿ."

ಫಾರೂಕ್ ಒಪ್ಪಿದರು. ಆದರೆ ಎರಡನೆಯ ಷರತ್ತು ಅವರ ಶಕ್ತಿಗೆ ಮೀರಿದ್ದೆಂದು ಅವರಿಗೂ ತಿಳಿದಿರಲಿಲ್ಲ.

ಶನಿವಾರ ಸ್ಟೇಡಿಯಂನ ಗೇಟಿನಲ್ಲಿ ಮೊದಲ ಸಂಕಟ ಎದುರಾಯಿತು. ಒಳಗೆ ಒಯ್ಯುವ ಚೀಲ ಪಾರದರ್ಶಕವಾಗಿರಬೇಕೆಂಬ ನಿಯಮವಿದೆ. ಸುಪ್ರಿಯಾ ಬೀಗರ ಉಪಚಾರಕ್ಕೆಂದು ಮಾಡಿದ ಪುಳಿಯೋಗರೆ, ಕೋಡುಬಳೆ, ಮೈಸೂರ್ ಪಾಕುಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ತಂದಿದ್ದರು. ಕಾವಲುಗಾರ ಒಂದೊಂದನ್ನೂ ಬಿಸಿಲಿಗೆ ಹಿಡಿದು ಪರೀಕ್ಷಿಸಿದ.

"ವಾಟ್ ಈಸ್ ದಿಸ್, ಮ್ಯಾಮ್?"

"ಫಾರ್ ದ ಬೀಗರು," ಎಂದರು ಸುಪ್ರಿಯಾ.

ಅವನು ಶೈಲಮ್ಮನವರತ್ತ ನೋಡಿದ. ಒಂಬತ್ತು ಗಜದ ಸೀರೆ, ಅದರ ಮೇಲೆ ಚಳಿಗಾಲದ ದಪ್ಪ ಕೋಟು, ಕೈಯಲ್ಲಿ ಕೋಲು. ಅವರೂ ಅವನತ್ತ ನೋಡಿದರು. ಅವನು ಚೀಲಗಳನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟ.

"ಮೈಸೂರ್ ಪಾಕ ಭಾಳ ಗಟ್ಟಿ ಅದ ಅನಸ್ತದ," ಎಂದರು ಶೈಲಮ್ಮ ಒಳಗೆ ಹೋಗುತ್ತಾ. ಬೀಗರಿಗೆ ಬಡಿಸುವುದಕ್ಕೆ ಮೊದಲೇ ವಿಮರ್ಶೆ ಮಾಡಲು ಅವಕಾಶ ಕೊಡುವ ಇಂಥ ನಿಯಮವನ್ನು ರೂಪಿಸಿದವರು ಹೆಣ್ಣು ಹೆತ್ತವರಲ್ಲವೆಂಬುದು ಸ್ಪಷ್ಟ.

ಎಲ್ಲರೂ ಮುಂದಿನ ಸಾಲಿನಲ್ಲಿ ಕುಳಿತರು. ಅನಿಕಾ, ಕುಶಾಲ್ ಕಾಫಿ ತರುತ್ತೇವೆಂದು ಹೋದವರು ತಿರುಗಿ ಬರುವ ಲಕ್ಷಣ ತೋರಿಸಲಿಲ್ಲ. ಎದುರುಬದಿಯ ಮೆಟ್ಟಿಲುಗಳು ಪೂರ್ತಿ ಖಾಲಿ ಇದ್ದವು.

"ಜನಾನ ಇಲ್ಲಲ್ಲೋ ರಾಜ್ಯಾ," ಎಂದರು ಶೈಲಮ್ಮ.

"ನಿಧಾನಕ್ಕ ಬರ್ತಾರಕ್ಕ. ದೊಡ್ಡ ಮ್ಯಾಚಿಗೆ ಹಿಂಗ," ಎಂದ ರಾಜ್, ಮೈದಾನದ ಎರಡೂ ತುದಿಗಳನ್ನು ಕಣ್ಣಲ್ಲೇ ಅಳೆದು, ತಗ್ಗಿದ ದನಿಯಲ್ಲಿ ಶ್ರೀಕರ್ ಅವರನ್ನು ಕೇಳಿದರು: "ಗೋಲ್‌ಕೀಪರ್ ಇನ್ನೂ ಬಂದಿಲ್ಲೇನ್ರಿ?"

"ಬರ್ತಾನೆ ಸಾರ್," ಎಂದರು ಶ್ರೀಕರ್. "ಇವತ್ತು ಟ್ರಾಫಿಕ್ಕು."

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಅಮೆರಿಕನ್ ಆಟದಲ್ಲಿ ಗೋಲ್‌ಕೀಪರೇ ಇರುವುದಿಲ್ಲವೆಂದು ಬಲ್ಲ ಫಾರೂಕ್ ಕೆಮ್ಮಿದರು. ಅಷ್ಟರಲ್ಲಿ ಕೆಂಪಂಗಿಯವರು ಒಂದು ಕಡೆ, ಬಿಳಿಯಂಗಿಯವರು ಒಂದು ಕಡೆ ನಿಂತರು. ಶೈಲಮ್ಮ ಕೋಲನ್ನು ಮೈದಾನದತ್ತ ಚಾಚಿದರು. "ಕೆಂಪಂಗಿಯವ್ರು ಯಾರು?"

"ಅವರು ನಮ್ಮೋರು. ನ್ಯೂಜೆರ್ಸಿ," ಎಂದರು ಶ್ರೀಕರ್.

"ಬಿಳೀ ಅಂಗಿಯವ್ರು?"

ಅವರೂ ನಮ್ಮೋರೇ ಎಂದು ಹೇಳಲು ಇದು ಸೂಕ್ತ ಸಮಯವಾಗಿತ್ತು. ಶ್ರೀಕರ್ ಪುಳಿಯೋಗರೆ ಚೀಲದ ಗಂಟು ಬಿಚ್ಚತೊಡಗಿದರು.

"ಹಂಗಾರ ಅವ್ರು ನಮ್ಮ ನ್ಯೂಯಾರ್ಕಿನವ್ರೇ ಇರಬೇಕು," ಎಂದರು ಶೈಲಮ್ಮ.

"ಹೂಂ," ಎಂದರು ಶ್ರೀಕರ್.

ಶೈಲಮ್ಮ ಕೋಲನ್ನು ಸಿಮೆಂಟಿನ ಮೇಲೆ ಕುಟ್ಟಿದರು. "ಭಾಳ ಚಲೋ ಆತು. ನೀವಿಬ್ರೂ ನಿಮ್ಮಿಚ್ಛಾ, ನಮ್ಮಿಚ್ಛಾ ಅಂತ ಎಷ್ಟು ದಿನಾ ಜಗ್ತೀರಿ? ಆ ಹುಡುಗಿ ಸಿಟಿ ಹಾಲ್ ಅಂತ ಕೂತಾಳ. ನಮ್ಮ ಮನಿತನದಾಗ ಯಾರೂ ಆಫೀಸಿನಾಗ ನಿಂತು ಮದುವಿ ಆಗಿಲ್ಲ. ಕೇಳ್ರಿ ಇಲ್ಲೆ. ಕೆಂಪು ಗೆದ್ರ ಮದುವಿ ನ್ಯೂಜೆರ್ಸಿಯಾಗ. ಬಿಳೀದು ಗೆದ್ರ ಜೆರಿಕೋದಾಗ. ಮುಗೀತು."

"ಅಕ್ಕ ಅಂದಳು ಅಂದ್ರ ಮುಗೀತ್ರಿ," ಎಂದರು ರಾಜ್.

ಫಾರೂಕ್ ಶ್ರೀಕರ್ ಅವರ ಕಿವಿಯಲ್ಲಿ ಹೇಳಿದರು: "ಸಾರ್, ಇಲ್ಲಿ ಗೆಲ್ಲೋದು ಅನ್ನೋದೇ ಇಲ್ಲ."

"ನಿಮಗೆ ಮಾತಾಡಬೇಡಿ ಅಂದಿದ್ದೆ," ಎಂದರು ಶ್ರೀಕರ್.

ಪಂದ್ಯ ಆರಂಭವಾಯಿತು. ಕೆಂಪು ತಂಡದ ಹುಡುಗನೊಬ್ಬ ಚೆಂಡನ್ನು ಎದೆಗವುಚಿಕೊಂಡು ಓಡಿ ಗೆರೆ ದಾಟಿ ಅಂಕ ಗಳಿಸಿದ. ಶ್ರೀಕರ್ ಅವರ ಎರಡೂ ಕೈ ಚಪ್ಪಾಳೆಗೆಂದು ಮೇಲೆದ್ದವು. ಆಗ ಸುಪ್ರಿಯಾರ ಮೊಣಕೈ ಅವರ ಪಕ್ಕೆಗೆ ತಾಗಿತು. "ಗಂಡಿನ ಕಡೆಯವರು ಸೋತಾಗ ಚಪ್ಪಾಳೆ ಹೊಡಿತೀರಾ?" ಕೈಗಳು ಅರ್ಧ ದಾರಿಯಲ್ಲೇ ನಮಸ್ಕಾರವಾಗಿ ಮಾರ್ಪಟ್ಟವು. ಅವರು ಬೀಗರತ್ತ ತಿರುಗಿ, "ತಪ್ಪು ತಿಳ್ಕೋಬೇಡಿ. ಹುಡುಗರು, ಗೊತ್ತಾಗಲ್ಲ," ಎಂದು ಕ್ಷಮೆ ಕೇಳಿದರು.

"ಛೇ, ಭಾಳ ಚಂದ ಓಡಿದನ್ರಿ ನಿಮ್ಮ ಹುಡುಗ!" ಎಂದು ರಾಜ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೌಜನ್ಯದಲ್ಲಿ ಹಿಂದೆ ಬೀಳುವ ಮನೆತನ ಅವರದಲ್ಲ.

ಮುಂದೆ ಬಿಳಿ ತಂಡ ಅಂಕ ಗಳಿಸಿದಾಗ ಶ್ರೀಕರ್ ಕುಣಿದರು. ಕೆಂಪು ಗಳಿಸಿದಾಗ ರಾಜ್ ಕುಣಿದರು. ತಮ್ಮ ತಮ್ಮ ಕಡೆ ಗೆಲ್ಲುತ್ತಿದ್ದಂತೆ ಇಬ್ಬರ ಮುಖವೂ ಬಾಡುತ್ತಿತ್ತು, ಸೋಲುತ್ತಿದ್ದಂತೆ ಅರಳುತ್ತಿತ್ತು. ಹಳದಿ ಜಾಕೆಟ್ ತೊಟ್ಟು ಜನರಿಗೆ ಜಾಗ ತೋರಿಸುತ್ತಿದ್ದ ಹೆಂಗಸೊಬ್ಬಳು ಬಹಳ ಹೊತ್ತು ಇವರನ್ನೇ ನೋಡಿ ಹತ್ತಿರ ಬಂದಳು.

"ಹೂ ಆರ್ ಯೂ ಗೈಸ್ ರೂಟಿಂಗ್ ಫಾರ್?"

"ಹಿಸ್ ಸೈಡ್," ಎಂದರು ಶ್ರೀಕರ್, ರಾಜ್ ಅವರನ್ನು ತೋರಿಸಿ.

"ಹಿಸ್ ಸೈಡ್," ಎಂದರು ರಾಜ್, ಶ್ರೀಕರ್ ಅವರನ್ನು ತೋರಿಸಿ.

ಅವಳು ತನ್ನ ಕೆಲಸದ ಇಷ್ಟು ವರ್ಷಗಳಲ್ಲಿ ಇಂಥದನ್ನು ಕಂಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಅಲ್ಲೇ ಹತ್ತಿರದಲ್ಲಿ ನಿಂತಳು.

ಈ ಮಧ್ಯೆ ಶೈಲಮ್ಮ ಪಂದ್ಯವನ್ನು ಎಲ್ಲರಿಗಿಂತ ನಿಷ್ಠೆಯಿಂದ ನೋಡುತ್ತಿದ್ದರು. ಚೆಂಡೆಸೆಯುವ ಹುಡುಗನ ಹತ್ತಿರಕ್ಕೆ ದೈತ್ಯರಂಥವರು ನುಗ್ಗಿ ಬಂದು, ಅವನನ್ನು ಮುಟ್ಟದೆ, ಎದುರಿಗೆ ಬ್ರೇಕ್ ಹಾಕಿದಂತೆ ನಿಲ್ಲುತ್ತಿದ್ದರು.

"ಉಳದವರನ್ನೆಲ್ಲಾ ಕೆಡವತಾರ, ಆ ಹುಡುಗನ್ನ ಮಾತ್ರ ಯಾಕ ಮುಟ್ಟಂಗಿಲ್ಲ?" ಎಂದು ಕೇಳಿದರು. "ಮಡೀಲೆ ಇದ್ದಾನೇನು?"

ಫಾರೂಕ್‌ಗೆ ಇನ್ನು ತಡೆಯಲಾಗಲಿಲ್ಲ. "ಸರಿಯಾಗಿ ಹೇಳಿದ್ರಿ ಅಮ್ಮಾ. ಅವನಿಗೆ ಪೆಟ್ಟಾದ್ರೆ ಸೆಪ್ಟೆಂಬರಿಗೆ ಬೇರೆ ಯಾರೂ ಇಲ್ಲ. ಅದಕ್ಕೇ ಇವತ್ತು ಮಡಿ."

"ಎದುರಿನವರಿಗೆ ಇವನ ಮ್ಯಾಲೆ ಇಷ್ಟು ಕಾಳಜಿ ಯಾಕ?"

ಫಾರೂಕ್ ಒಂದು ಕೋಡುಬಳೆಯನ್ನು ಬಾಯಿಗೆ ತುಂಬಿಕೊಂಡರು.

ಮಧ್ಯಂತರ ಕಳೆದ ಮೇಲೆ ಅನಾಹುತ ಸಂಭವಿಸಿತು. ಅದುವರೆಗೆ ಬಿಳಿ ಅಂಗಿಯಲ್ಲಿದ್ದ ಎತ್ತರದ ಹುಡುಗನೊಬ್ಬ ಕೆಂಪು ಅಂಗಿ ತೊಟ್ಟು ಬಂದು ಕೆಂಪಿನವರ ಜೊತೆ ನಿಂತ. ಅವನು ಮೊದಲರ್ಧದಲ್ಲಿ ಶೈಲಮ್ಮನವರ ಪ್ರೀತಿ ಗಳಿಸಿದ್ದ.

"ರಾಜ್ಯಾ! ನಮ್ಮ ಹುಡುಗ ಅವರ ಕಡೆ ಹ್ವಾದ್ನಲ್ಲೋ!"

"ಹೌದಕ್ಕ, ಹಂಗ ಕಾಣ್ತದ," ಎಂದರು ರಾಜ್, ಇದೂ ಆಟದ ನಿಯಮವಿರಬಹುದೆಂಬ ಧೈರ್ಯದಿಂದ.

"ಮದುವಿಗಿಂತ ಮೊದಲೇ?" ಎಂದು ಶೈಲಮ್ಮ ಸುಪ್ರಿಯಾರನ್ನು ನೋಡಿದರು. ಆ ನೋಟದಲ್ಲಿ ಕುಶಾಲನ ಇಡೀ ಭವಿಷ್ಯವಿತ್ತು. ಸುಪ್ರಿಯಾ ಗಾಬರಿಯಿಂದ ಮೈಸೂರ್ ಪಾಕಿನ ಚೀಲ ಚಾಚಿದರು. ಶೈಲಮ್ಮ ತೆಗೆದುಕೊಳ್ಳಲಿಲ್ಲ.

ಬಿಳಿಯವರು ಚೆಂಡನ್ನು ತಡೆದಾಗಲೂ ಫಲಕದಲ್ಲಿ ಅಂಕ ಏರಿತು. ಕೆಂಪಿನವರು ಒದ್ದ ಚೆಂಡು ಕಂಬದ ಹೊರಗೆ ಹೋದಾಗ ಕೋಚ್ "ಇನ್ನೊಮ್ಮೆ ಒದೆ" ಎಂದ. ಮತ್ತೆ ಒದ್ದರು, ಅದಕ್ಕೂ ಅಂಕ ಕೊಟ್ಟರು. ಗಡಿಯಾರ ಒಮ್ಮೆಯೂ ನಿಲ್ಲದೆ ಓಡಿತು. ಕೊನೆಗೆ ಫಲಕದಲ್ಲಿ ಬಿಳಿ ತುಸು ಮುಂದಿತ್ತು, ಕೆಂಪಿನವರು ಚೆಂಡು ಹಿಡಿದು ಗೆರೆಯ ಬುಡದಲ್ಲಿ ನಿಂತಿದ್ದರು. ಶ್ರೀಕರ್ ಉಸಿರು ಬಿಗಿಹಿಡಿದರು. ರಾಜ್ ಕಣ್ಣು ಮುಚ್ಚಿದರು. ಶೈಲಮ್ಮ ಎದ್ದು ನಿಂತರು. ಎರಡು ಮನೆತನಗಳ ಮದುವೆ ಒಂದು ಗಜದ ಹುಲ್ಲಿನ ಮೇಲಿತ್ತು.

ಅಷ್ಟರಲ್ಲಿ ಕೋಚ್ ಸೀಟಿ ಊದಿದ. ಮೈಕ್ ಹಿಡಿದು, ಇವತ್ತಿಗೆ ಇಷ್ಟು ಸಾಕು, ಯಾರಿಗೂ ಪೆಟ್ಟಾಗಿಲ್ಲ, ಬಂದವರಿಗೆಲ್ಲ ಧನ್ಯವಾದ, ಮಕ್ಕಳು ಮೈದಾನಕ್ಕಿಳಿದು ಆಟಗಾರರ ಸಹಿ ಪಡೆಯಬಹುದು ಎಂದ. ಫಲಕದ ದೀಪ ಆರಿತು. ಕೆಂಪು, ಬಿಳಿ ಅಂಗಿಯವರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ನಗುತ್ತಾ ಹೊರಟರು.

"ಗೆದ್ದವ್ರು ಯಾರು?" ಎಂದರು ಶೈಲಮ್ಮ.

ಅವರು ಕೋಲಿನಿಂದ ಹಳದಿ ಜಾಕೆಟ್ಟಿನವಳನ್ನು ಕರೆದರು. "ಹೂ ವನ್?"

"ವೀ ಡಿಡ್, ಹನಿ!"

"ಹೂ ಲಾಸ್ಟ್?"

ಅವಳು ಒಂದು ಕ್ಷಣ ಯೋಚಿಸಿದಳು. ಪ್ರಾಮಾಣಿಕ ಹೆಂಗಸು. "ವೆಲ್, ವೀ ಡಿಡ್."

ಶೈಲಮ್ಮ ನಿಧಾನವಾಗಿ ಶ್ರೀಕರ್ ಅವರತ್ತ ತಿರುಗಿದರು. "ಬೀಗರ, ಏನಿದು?"

ಶ್ರೀಕರ್ ಫಾರೂಕ್ ಕಡೆ ನೋಡಿದರು. ಮಾತಾಡಬಾರದೆಂದು ಮಾತು ಕೊಟ್ಟಿದ್ದ ಫಾರೂಕ್ ಈಗ ಅದನ್ನು ಅಕ್ಷರಶಃ ಪಾಲಿಸಿದರು. ಶ್ರೀಕರ್ ಎಲ್ಲ ಹೇಳಿದರು. ಎರಡೂ ಒಂದೇ ತಂಡ, ಇದು ಬರೀ ಅಭ್ಯಾಸ, ನ್ಯೂಯಾರ್ಕಿನಿಂದ ಯಾರೂ ಬಂದಿರಲಿಲ್ಲ, ತಮಗೆ ಫುಟ್‌ಬಾಲ್ ತಿಳಿಯದು. ಕೊನೆಗೆ ಫಾರೂಕರಿಂದ ಎರವಲು ಪಡೆದು, "ಹೆಣ್ಣು ನೋಡೋ ಶಾಸ್ತ್ರ ಇದ್ದ ಹಾಗೆ ಅಮ್ಮಾ," ಎಂದೂ ಸೇರಿಸಿದರು.

"ನಮ್ಮ ರಾಜ್ಯಾಗ ಗೊತ್ತಾಗಲಿಲ್ಲೇನು? ಅಂವಾ ಫುಟ್‌ಬಾಲ್ ಅಂದ್ರ ಜೀವಾ ಬಿಡ್ತಾನ."

ರಾಜ್ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದರು. ಅವರ ಬೂಟಿಗೆ ದಾರವಿರಲಿಲ್ಲ.

"ಅವರು ನಿಮಗೆ ಬೇಜಾರಾಗಬಾರದು ಅಂತ ಸುಮ್ಮನಿದ್ದರು," ಎಂದರು ಶ್ರೀಕರ್. ಆ ಮಧ್ಯಾಹ್ನ ಬೀಗರಿಗೆ ಸಂದ ನಿಜವಾದ ಉಪಚಾರ ಇದೊಂದೇ. ರಾಜ್ ತಲೆಯೆತ್ತಿ, ಕೃತಜ್ಞತೆಯಿಂದ, ಸುಪ್ರಿಯಾರ ಕೈಯಿಂದ ಮೈಸೂರ್ ಪಾಕು ತೆಗೆದುಕೊಂಡು ಕಚ್ಚಿದರು. ಅದು ಗಟ್ಟಿಯಾಗಿಯೇ ಇತ್ತು.

ಅಷ್ಟರಲ್ಲಿ ಅನಿಕಾ, ಕುಶಾಲ್ ಮೈದಾನದಿಂದ ಮೇಲೆ ಬಂದರು. ಇಬ್ಬರ ಕೈಯಲ್ಲೂ ಕಾಫಿ ಇರಲಿಲ್ಲ.

"ಸೋ? ಡಿಸೈಡ್ ಆಯ್ತಾ?" ಎಂದಳು ಅನಿಕಾ. "ಇಲ್ಲಾಂದ್ರೆ ಮಂಡೇ ನಾವು ಸಿಟಿ ಹಾಲ್‌ಗೆ."

"ಅಂದ್ರೆ..." ಎಂದರು ಶ್ರೀಕರ್. "ಅವರು ಹೇಳಿದ ಹಾಗೆ."

"ಅವರು ಅಂದಂಗ," ಎಂದರು ರಾಜ್.

"ಬಾಯಿ ಮುಚ್ರಿ ಇಬ್ರೂ!" ಶೈಲಮ್ಮನವರ ದನಿಗೆ ಖಾಲಿ ಮೆಟ್ಟಿಲುಗಳು ಎದುರುಬದಿಯಿಂದ ಪ್ರತಿಧ್ವನಿಸಿದವು. ಕೋಚ್ ಕೂಡ ತಿರುಗಿ ನೋಡಿದ. "ನಾ ಅಂದಿದ್ದು ಅಂದಿದ್ದೇ. ಗೆದ್ದವ್ರ ಕಡೆ ಮದುವಿ. ನೀವೂ ಗೆದ್ದಿಲ್ಲ, ನಾವೂ ಗೆದ್ದಿಲ್ಲ. ಹಂಗಾರ ನಿಮ್ಮ ಊರೂ ಬ್ಯಾಡ, ನಮ್ಮ ಊರೂ ಬ್ಯಾಡ. ನಡುವ ಯಾವ ಊರದ?"

ಎಲ್ಲರೂ ಫಾರೂಕ್ ಕಡೆ ನೋಡಿದರು. ಅವರಿಗೆ ಮಾತು ಮರಳಿ ಬಂದಿತ್ತು. "ನಡುವೆ ಅಂದ್ರೆ ಸೀಕಾಕಸ್ ಇದೆ ಅಮ್ಮಾ. ಟ್ರೈನ್ ಬದಲಾಯಿಸೋ ಊರು. ಮಿಕ್ಕಿದ್ದೆಲ್ಲ ಗೋಡೌನು. ಸ್ಟೇಷನ್ ಹತ್ರ ಒಂದು ಹೋಟೆಲ್ ಇದೆ, ಅಲ್ಲಿ ಯಾರೂ ಮದುವೆ ಮಾಡಲ್ಲ, ಹಾಗಾಗಿ ಯಾವಾಗ್ಲೂ ಹಾಲ್ ಸಿಗುತ್ತೆ."

"ಅಲ್ಲೇ," ಎಂದರು ಶೈಲಮ್ಮ.

ಶ್ರೀಕರ್ ರಾಜ್ ಅವರ ಮುಖ ನೋಡಿದರು. ರಾಜ್ ಶ್ರೀಕರ್ ಅವರ ಮುಖ ನೋಡಿದರು. ಇಬ್ಬರೂ ಆ ಸ್ಟೇಷನ್ನಿನಲ್ಲಿ ಟ್ರೈನ್ ಬದಲಾಯಿಸಿದವರೇ, ಅದು ಯಾವ ರಾಜ್ಯದಲ್ಲಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಶ್ರೀಕರ್ ಏನೋ ಹೇಳಲು ಬಾಯಿ ತೆರೆದರು.

ರಾಜ್ ಮೈಸೂರ್ ಪಾಕಿನ ಇನ್ನೊಂದು ತುಂಡನ್ನು ಅವರ ಕೈಗಿಟ್ಟರು. "ತಿನ್ರಿ ಬೀಗರ," ಎಂದರು. "ಸೇತುವಿ ದಾಟೋದು ಹೆಂಗೂ ತಪ್ಪಂಗಿಲ್ಲ."

ಮದುವೆ ಆಗಸ್ಟಿನಲ್ಲಿ ಸೀಕಾಕಸ್ಸಿನ ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ನಡೆಯಿತು. ಅದು ನ್ಯೂಜೆರ್ಸಿಯಲ್ಲಿದೆ ಎಂದು ಶೈಲಮ್ಮನವರಿಗೆ ಯಾರೂ ಹೇಳಲಿಲ್ಲ.